ಮುಂದಿನ ಗೇಮ್ ಕೇಳುವ ಮೊದಲು

ಕುಂಬಳೆ, ಬದಿಯಡ್ಕ, ಕಾಸರಗೋಡಿನ ಗೆಳೆಯರೇ,

ನೋ ಮ್ಯಾನ್ಸ್ ಸ್ಕೈ ಅಂದರೆ ಗ್ರಹದಿಂದ ಗ್ರಹಕ್ಕೆ ಅಲೆಯುತ್ತಾ, ಬೇಸ್ (ನೆಲೆ) ಕಟ್ಟಿಕೊಂಡು ಬದುಕುಳಿಯುವ ವಿಡಿಯೋ ಗೇಮ್. ‘ನೋ ಮ್ಯಾನ್ಸ್ ಸ್ಕೈ ಥರದ್ದು ಬೇರೆ ಯಾವುದಿದೆ?’ ಅಂತ ಸುಮ್ನೆ ಕೇಳಬೇಡಿ. ಅದರಲ್ಲಿ ನಿಮಗೆ ಹಿಡಿಸಿದ್ದು ಏನು ಅಂತಲೂ ಬರೆಯಿರಿ. ಆಗ ಸರಿಯಾದ ಗೇಮ್ ಹೇಳಬಹುದು.

ಹೊಸ ಜಾಗ ಹುಡುಕುವ ಆಸೆಯಾದರೆ ಔಟರ್ ವೈಲ್ಡ್ಸ್ (2019). ಬೇಸ್ ಕಟ್ಟುವ ಕೆಲಸವೇ ಇಲ್ಲ. 22 ನಿಮಿಷಕ್ಕೆ ಸೂರ್ಯ ಸಿಡಿದು ಎಲ್ಲ ಮೊದಲಿನಿಂದ ಶುರು, ನೀವು ತಿಳಿದುಕೊಂಡದ್ದು ಮಾತ್ರ ಉಳಿಯುತ್ತದೆ. ನನಗಂತೂ ಇದರಷ್ಟು ಇಷ್ಟವಾದದ್ದು ಬೇರೆ ಇಲ್ಲ.

ಕಟ್ಟುವ ಹುಚ್ಚು ಜಾಸ್ತಿ ಇದ್ದರೆ ಸ್ಯಾಟಿಸ್ಫ್ಯಾಕ್ಟರಿ, ಅದರಲ್ಲಿ ಕಾರ್ಖಾನೆ ಕಟ್ಟುವುದೇ ಕೆಲಸ. ಗೆಳೆಯರ ಜೊತೆ ನೆಲ ಕೊರೆಯುತ್ತಾ ಅಲೆಯಲು ಆಸ್ಟ್ರೋನೀರ್. ಒಬ್ಬರೇ ಭಯಪಟ್ಟುಕೊಂಡು ಬದುಕುಳಿಯಬೇಕಾ? ಸಬ್‌ನಾಟಿಕಾ (2018), ಅನ್ಯಗ್ರಹದ ಕಡಲೊಳಗೆ. ಅದು ತಾನಾಗಿ ಸೇವ್ ಆಗುವುದಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟ್ ಹೋಗುತ್ತಲೇ ಇರುತ್ತದೆ, ಅಲ್ವಾ? ಆಗಾಗ ಸೇವ್ ಮಾಡಿಕೊಳ್ಳಿ.