ಒಂದು ಮಾದರಿಗೆ ಒಂದೇ ಪ್ರಶ್ನೆ

ಚಿ. ಸಹನಾಗೆ ಆಶೀರ್ವಾದಗಳು.

ಗೇಮ್ ಡಿಸೈನ್ ಕಲಿಯಲು ಹೊರಟವಳು ಮೊದಲ ವರ್ಷವೇ ದೊಡ್ಡ ಆಟಕ್ಕೆ ಕೈಹಾಕಬೇಡ. ಒಂದೊಂದು ಪ್ರಶ್ನೆಗೆ ಉತ್ತರ ಹುಡುಕುವ ಪುಟ್ಟ ಮಾದರಿ ಆಟಗಳನ್ನು (ಪ್ರೊಟೊಟೈಪ್) ಮಾಡು. 2005ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಹಾಕಿಕೊಂಡ ಕಟ್ಟಳೆ ಇಷ್ಟೇ: ಒಬ್ಬರಿಂದ, ಏಳು ದಿನದೊಳಗೆ, ಎಲ್ಲರಿಗೂ ಸಮಾನವಾದ ಒಂದು ವಿಷಯದ ಮೇಲೆ, ಒಂದು ಆಟ. ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಐವತ್ತಕ್ಕೂ ಹೆಚ್ಚು ಆಟಗಳಾಗಿದ್ದವು. ಅವುಗಳಲ್ಲೊಂದಾದ 'ಟವರ್ ಆಫ್ ಗೂ' ಮುಂದೆ 'ವರ್ಲ್ಡ್ ಆಫ್ ಗೂ' ಆಗಿ ಬೆಳೆಯಿತು. ಉಳಿದ ಬಹುಪಾಲು ಅಲ್ಲಿಗೇ ನಿಂತವು; ನಿಲ್ಲಲಿ ಎಂದೇ ಮಾಡಿದ್ದು.

ಕೋಡ್ ಮುಟ್ಟುವ ಮುಂಚೆ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಬರೆ. 'ಮಜವಾಗಿರುತ್ತದೆಯೇ' ಎಂಬುದು ಪ್ರಶ್ನೆಯಲ್ಲ. 'ಜಿಗಿತವೊಂದರಿಂದಲೇ ಐದು ನಿಮಿಷ ಆಡಿಸಬಹುದೇ' ಎಂಬುದು ಪ್ರಶ್ನೆ.

ಸರದಿ, ಕಾರ್ಡು, ಸಂಪನ್ಮೂಲದ ಲೆಕ್ಕವಿದ್ದರೆ ಕಾಗದ, ದಾಳ ಸಾಕು. ಎರಡು ದಾಳದ ಮೊತ್ತ 7 ಬರುವ ಸಾಧ್ಯತೆ 36ಕ್ಕೆ 6, 12 ಬರುವುದು 36ಕ್ಕೆ 1. ನಿನ್ನ ಅತಿ ಸೊಗಸಾದ ಕಾರ್ಡನ್ನು 12ಕ್ಕೆ ಕಟ್ಟಿಹಾಕಿದರೆ, ಇಪ್ಪತ್ತು ಎಸೆತದ ಆಟಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅದನ್ನು ಕಾಣದೆಯೇ ಮುಗಿಯುತ್ತವೆ.

ಬಟನ್ ಒತ್ತಿದಾಗ ಕೈಗೆ ಸಿಗುವ ಅನುಭವ ಮಾತ್ರ ಕಾಗದದಲ್ಲಿ ತಿಳಿಯದು. ಅದಕ್ಕೆ ಪರದೆಯ ಮೇಲೆ ಬರೀ ಬೂದು ಚೌಕಗಳಿರಲಿ. ಚಿತ್ರ, ಮೆನು, ಕಥೆ ಈಗ ಹೆಣಕ್ಕೆ ಶೃಂಗಾರ. ಜಿಗಿತದ ಅಂಕಿಗಳನ್ನು ಊಹಿಸಬೇಡ. ಎತ್ತರ 3 ಚೌಕ, ತುದಿ ಮುಟ್ಟಲು 0.4 ಸೆಕೆಂಡ್ ಎಂದಿಟ್ಟುಕೋ. ಎತ್ತರದ ಎರಡು ಪಟ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ 37.5, ಬರೀ ಸಮಯದಿಂದ ಭಾಗಿಸಿದರೆ ಆರಂಭದ ವೇಗ 15. ಇಳಿಯುವಾಗ ಗುರುತ್ವವನ್ನು ಒಂದೂವರೆ ಪಟ್ಟು ಮಾಡಿ ನೋಡು. ತೇಲಿದಂತಿರುವ ದೋಷ ಬಹುಮಟ್ಟಿಗೆ ಹೋಗುತ್ತದೆ. 'ಬಟನ್ ಒತ್ತಿದೆ, ಜಿಗಿಯಲಿಲ್ಲ' ಎಂದು ಆಡುವವರು ದೂರಿದರೆ, ನಿಂತ ಜಾಗದ ಅಂಚು ದಾಟಿದ ಮೇಲೂ 0.1 ಸೆಕೆಂಡ್, ಅಂದರೆ ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ಓಡುವಾಗ 6 ಫ್ರೇಮ್, ಜಿಗಿಯಲು ಬಿಡು. ಸಲಕ್ಕೆ ಒಂದೇ ಅಂಕಿ ಬದಲಿಸು, ಅದನ್ನೂ ದುಪ್ಪಟ್ಟು ಇಲ್ಲವೇ ಅರ್ಧ ಮಾಡು. ಶೇಕಡಾ ಐದರ ತಿದ್ದುಪಡಿಯಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳದೆ ಸಂಜೆ ಕಳೆದುಹೋಗುತ್ತದೆ.

ಬೇರೆಯವರಿಗೆ ಆಡಲು ಕೊಟ್ಟಾಗ ಬಾಯಿ ಮುಚ್ಚಿಕೊಂಡಿರು. ಇದೇ ಎಲ್ಲಕ್ಕಿಂತ ಕಷ್ಟ. ನೀನು ವಿವರಿಸಿದ ಕ್ಷಣವೇ ಪರೀಕ್ಷೆ ಕೆಟ್ಟಿತು. 'ಚೆನ್ನಾಗಿದೆಯಾ' ಎಂದರೆ ಮನೆಮಂದಿ ಹೌದೆನ್ನುತ್ತಾರೆ. 'ಈಗ ಏನು ಮಾಡಲು ಹೊರಟಿದ್ದಿರಿ' ಎಂದು ಕೇಳು. ಒಬ್ಬರು ಮೊದಲ ಸಲ ಆಡುವುದು ಒಂದೇ ಸಲ, ಹಾಗಾಗಿ ಎಲ್ಲರನ್ನೂ ಮೊದಲ ದಿನವೇ ಖರ್ಚು ಮಾಡಬೇಡ.

ಉತ್ತರ ಸಿಕ್ಕಿತೇ, ಎರಡು ಸಾಲು ಟಿಪ್ಪಣಿ ಇಟ್ಟು ಕೋಡ್ ಬಿಟ್ಟುಬಿಡು. ಅವಸರದ ಆ ಕೋಡ್ ಮೇಲೆ ನಿಜವಾದ ಆಟ ಕಟ್ಟಿದರೆ ಮೂರನೇ ತಿಂಗಳಲ್ಲಿ ಒಂದು ಕಡೆ ಮುಟ್ಟಿದ್ದಕ್ಕೆ ಇನ್ನೊಂದು ಕಡೆ ಮುರಿಯುತ್ತದೆ. ಎರಡನೇ ದಿನ ಮುಗಿದರೂ ಆಡಲು ಏನೂ ಇಲ್ಲವೆಂದಾದರೆ ಪ್ರಶ್ನೆಯೇ ದೊಡ್ಡದಾಗಿದೆ, ಅದನ್ನು ಅರ್ಧಕ್ಕೆ ಕತ್ತರಿಸು.

ಇತಿ,
ನಿನ್ನ ಸೋದರಮಾವ