ಮಾರ್ಷಲ್ ಯೋಜನೆ ಎಂದರೆ ಬರಿಯ ಹಣದ ಗಂಟಲ್ಲ

ಮಾನ್ಯರೇ,

ಉಕ್ರೇನಿನ ಪುನರ್ನಿರ್ಮಾಣ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನ 'ಮತ್ತೊಂದು ಮಾರ್ಷಲ್ ಯೋಜನೆ ಬೇಕು' ಎಂದು ಒತ್ತಾಯಿಸಿದೆ. ಆ ಆಶಯಕ್ಕೆ ನನ್ನ ತಕರಾರಿಲ್ಲ. ಆದರೆ ಈ ಹೆಸರನ್ನು 'ಭಾರೀ ಮೊತ್ತ' ಎಂಬಷ್ಟೇ ಅರ್ಥದಲ್ಲಿ ಬಳಸಿದರೆ ಯುದ್ಧದಿಂದ ಜರ್ಜರಿತವಾದ ಯುರೋಪಿನ ಚೇತರಿಕೆಗೆ ಅಮೆರಿಕ ನೆರವು ನೀಡಿದ ಆ ಮೂಲ ಯೋಜನೆಯ ಜೀವಾಳವೇ ಮರೆಯಾಗುತ್ತದೆ.

ಎರಡನೆಯ ಮಹಾಯುದ್ಧದ ಉದ್ದಕ್ಕೂ ಅಮೆರಿಕದ ಸೇನಾ ಮುಖ್ಯಸ್ಥರಾಗಿದ್ದ ಜಾರ್ಜ್ ಮಾರ್ಷಲ್, ವಿದೇಶಾಂಗ ಸಚಿವರಾದ ಕೆಲವೇ ತಿಂಗಳಲ್ಲಿ, 1947ರ ಜೂನ್ 5ರಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಮಾಡಿದ ಚಿಕ್ಕ ಭಾಷಣದಲ್ಲಿ ಯಾವ ಮೊತ್ತವನ್ನೂ ಹೇಳಲಿಲ್ಲ. ಏನು ಬೇಕೆಂಬುದನ್ನು ಯುರೋಪಿನವರೇ ಕೂಡಿ ನಿರ್ಧರಿಸಬೇಕು ಎಂದಷ್ಟೇ ಹೇಳಿದರು. ಅದರಂತೆ 16 ದೇಶಗಳು ಪ್ಯಾರಿಸಿನಲ್ಲಿ ಸೇರಿ ತಮ್ಮ ಅಗತ್ಯಗಳ ಲೆಕ್ಕ ಹಾಕಿದವು. ಅದಕ್ಕೂ ಮೊದಲಿನ ಮಾತುಕತೆಗೆ ಬಂದಿದ್ದ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್ ಅರ್ಧಕ್ಕೇ ಎದ್ದುಹೋದರು. ಮೊದಲು ಒಪ್ಪಿದ್ದ ಜೆಕೊಸ್ಲೊವಾಕಿಯ ಮಾಸ್ಕೋದ ಒತ್ತಡಕ್ಕೆ ಮಣಿದು ಹಿಂದೆ ಸರಿಯಿತು. ಕಮ್ಯುನಿಸಂ ಹರಡದಂತೆ ತಡೆಯುವ ಲೆಕ್ಕಾಚಾರವೂ ಇದರಲ್ಲಿತ್ತು; ಶುದ್ಧ ದಾನವೆಂದು ಇದನ್ನು ಹೊಗಳುವವರ ಸಾಲಿನಲ್ಲಿ ನಾನಿಲ್ಲ.

ಅಮೆರಿಕದ ಸಂಸತ್ತಿನಲ್ಲಿ ಆಗ ರಿಪಬ್ಲಿಕನ್ನರದೇ ಬಹುಮತ. ತಮ್ಮ ಹೆಸರಿದ್ದರೆ ಮಸೂದೆ ಅಲ್ಲಿ ದಡ ಸೇರದೆಂದು ಅಧ್ಯಕ್ಷ ಟ್ರೂಮನ್ ಬಲ್ಲರು; ಪಕ್ಷ ರಾಜಕಾರಣದಿಂದ ದೂರವಿದ್ದ ಸೇನಾನಿಯ ಹೆಸರು ಆ ಕೆಲಸ ಮಾಡಿತು. ಇದೇ ಮಾರ್ಷಲ್ 1945ರ ಕೊನೆಯಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಸಂಧಾನಕ್ಕೆ ಹೋಗಿ ಬರಿಗೈಲಿ ಮರಳಿದ್ದರು ಎಂಬುದನ್ನೂ ನೆನೆಯಬೇಕು.

ಹೆಚ್ಚು ಗಮನಿಸಬೇಕಾದದ್ದು ನೆರವು ಹರಿದ ಬಗೆ. ಅಮೆರಿಕದಿಂದ ಗೋಧಿ, ಕಲ್ಲಿದ್ದಲು, ಹತ್ತಿ, ಗೊಬ್ಬರ, ಯಂತ್ರಗಳು ಬಂದವು; ಇವನ್ನು ಕೊಳ್ಳಲು ಯುರೋಪಿನ ಬಳಿ ಡಾಲರ್ ಇರಲಿಲ್ಲವಾದ್ದರಿಂದ ಆ ಡಾಲರ್ ವೆಚ್ಚವನ್ನು ಯೋಜನೆಯೇ ಭರಿಸಿತು. ಟ್ರ್ಯಾಕ್ಟರ್ ಪಡೆದ ಫ್ರೆಂಚ್ ರೈತ ಅದಕ್ಕೆ ಫ್ರಾಂಕುಗಳಲ್ಲಿ ಬೆಲೆ ಕೊಡುತ್ತಿದ್ದ. ಆ ಹಣದ ಬಹುಪಾಲು ವಾಷಿಂಗ್ಟನ್ನಿಗೆ ಹೋಗದೆ, ಫ್ರೆಂಚ್ ಸರ್ಕಾರದ ಪ್ರತ್ಯೇಕ ಖಾತೆಯಲ್ಲಿ ಕೂಡಿ, ಅಮೆರಿಕದ ಒಪ್ಪಿಗೆಯೊಂದಿಗೆ ವಿದ್ಯುತ್, ರೈಲು, ಕಲ್ಲಿದ್ದಲು ಉದ್ಯಮಗಳಿಗೆ ಹೋಯಿತು. ಹೀಗೆ ಒಂದೇ ನೆರವು ಎರಡು ಬಾರಿ ದುಡಿಯಿತು. ಬ್ರಿಟನ್ ಈ ಖಾತೆಯ ಹಣವನ್ನು ಹೆಚ್ಚಾಗಿ ಸಾಲ ತೀರಿಸಲು ಬಳಸಿತು. ಪಶ್ಚಿಮ ಜರ್ಮನಿಯಲ್ಲಿ 1948ರಲ್ಲಿ ಸ್ಥಾಪನೆಯಾದ ಕೆಎಫ್‌ಡಬ್ಲ್ಯು ಬ್ಯಾಂಕು ಅದನ್ನು ಸಾಲವಾಗಿ ಕೊಟ್ಟು, ಮರಳಿ ಬಂದದ್ದನ್ನು ಮತ್ತೆ ಸಾಲ ಕೊಟ್ಟಿತು. ಆ ಬ್ಯಾಂಕು ಇಂದಿಗೂ ಇದೆ.

1948ರ ಏಪ್ರಿಲ್‌ನಲ್ಲಿ ಕಾಯ್ದೆಯಾದ ಈ ಯೋಜನೆಯ ಒಟ್ಟು ನೆರವು ಸುಮಾರು 1,300 ಕೋಟಿ ಡಾಲರ್. ಪಡೆದ ದೇಶಗಳ ಒಟ್ಟು ರಾಷ್ಟ್ರೀಯ ಆದಾಯಕ್ಕೆ ಹೋಲಿಸಿದರೆ ಇದು ಅಲ್ಪವೇ. ಚೇತರಿಕೆ ಅದಾಗಲೇ ಆರಂಭವಾಗಿತ್ತೆಂದು ವಾದಿಸುವ ಇತಿಹಾಸಕಾರರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಡಾಲರಿನ ಕೊರತೆಯಿಂದ ಕಚ್ಚಾವಸ್ತು ನಿಂತು ಕಾರ್ಖಾನೆಗಳು ಮುಗ್ಗರಿಸುವುದನ್ನು ಆ ಅಲ್ಪವೇ ತಪ್ಪಿಸಿತೆಂಬುದು ನನ್ನ ಅಭಿಪ್ರಾಯ.

ತಮ್ಮ ಲೇಖಕರು ಉಕ್ರೇನಿಗೆ ಎಷ್ಟು ಹಣ ಬೇಕೆಂದು ವಿವರವಾಗಿ ಬರೆದಿದ್ದಾರೆ. ಅಗತ್ಯಗಳ ಪಟ್ಟಿಯನ್ನು ಯಾರು ಸಿದ್ಧಪಡಿಸಬೇಕು, ಮರಳಿ ಬರುವ ಹಣ ಯಾರ ಖಾತೆಗೆ ಸೇರಬೇಕು ಎಂಬುದನ್ನೂ ಮುಂದಿನ ಲೇಖನದಲ್ಲಿ ತಿಳಿಸುವಂತೆ ಅವರನ್ನು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಅರ್ಥಶಾಸ್ತ್ರ ಅಧ್ಯಾಪಕ, ಧಾರವಾಡ