ಹೋಟೆಲ್ ವೋಚರ್ ಮಾರಾಟದ ನಿಲುಗಡೆ ಮತ್ತು ಹೊಸ ಬುಕಿಂಗ್ ಪದ್ಧತಿ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ ಹಾಗೂ ಸಂಘದ ಸದಸ್ಯರೇ,

ಐಷಾರಾಮಿ ಹೋಟೆಲುಗಳ ಕೊಠಡಿಗಳನ್ನು ಮುಂಗಡ ಹಣ ಕೊಟ್ಟು ಹಿಡಿದಿಟ್ಟು, ಅವನ್ನು ರಿಯಾಯಿತಿ ವೋಚರುಗಳಾಗಿ ತಮಗೆ ಮಾರುತ್ತಿದ್ದ ಪದ್ಧತಿಯನ್ನು ನಮ್ಮ ಪ್ರವಾಸ ಸೇವಾ ಸಹಕಾರ ಸಂಘವು ಮುಂದಿನ ತಿಂಗಳ ಮೊದಲ ದಿನದಿಂದ ನಿಲ್ಲಿಸುತ್ತಿದೆ. ಇನ್ನು ಮುಂದೆ ಕೊಠಡಿಯನ್ನು ತಮ್ಮ ಹೆಸರಿನಲ್ಲಿಯೇ ಕಾದಿರಿಸಲಾಗುವುದು ಮತ್ತು ಬಾಡಿಗೆಯನ್ನು ತಾವು ನೇರವಾಗಿ ಹೋಟೆಲಿಗೇ ಪಾವತಿಸುವಿರಿ. ನಾವು ತಿಳಿಸುವ ಮೊತ್ತದಲ್ಲಿ ತೆರಿಗೆಯೂ ಕಡ್ಡಾಯವಾದ ಇತರ ಶುಲ್ಕಗಳೂ ಸೇರಿರುತ್ತವೆ. ನಮ್ಮ ಕೆಲಸಕ್ಕೆ ನಿಗದಿತ ಸೇವಾ ಶುಲ್ಕವೊಂದನ್ನು ಮಾತ್ರ ಪಡೆಯುತ್ತೇವೆ. ಇಂತಿಷ್ಟು ಶೇಕಡಾ ರಿಯಾಯಿತಿ ಎಂದು ಸಾರುವ ಪ್ರಕಟಣೆಗಳು ನಮ್ಮ ಕಚೇರಿಯಿಂದ ಇನ್ನು ಹೊರಡುವುದಿಲ್ಲ. ಇದರಿಂದ ಕೆಲವರಿಗೆ ಅನುಕೂಲವಾಗುತ್ತದೆ, ಕೆಲವರಿಗೆ ಕೆಲವು ಸಂದರ್ಭಗಳಲ್ಲಿ ಸ್ವಲ್ಪ ಹೆಚ್ಚು ಖರ್ಚೂ ಬೀಳಬಹುದು. ಆದ್ದರಿಂದ ಕಾರಣಗಳನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲನೆಯದಾಗಿ, ರಿಯಾಯಿತಿ ಎಂಬುದನ್ನು ಯಾವ ದರದಿಂದ ಕಳೆಯಬೇಕು ಎಂಬ ಪ್ರಶ್ನೆಗೆ ಈಗ ಸ್ಥಿರವಾದ ಉತ್ತರವೇ ಉಳಿದಿಲ್ಲ. ಹೋಟೆಲುಗಳು ವರ್ಷಕ್ಕೊಮ್ಮೆ ದರಪಟ್ಟಿ ಮುದ್ರಿಸಿ ಅದರಂತೆ ನಡೆಯುತ್ತಿದ್ದ ಕಾಲದಲ್ಲಿ ಆ ರ್‍ಯಾಕ್ ರೇಟಿನ ಮೇಲೆ ಇಷ್ಟು ಕಡಿತ ಎಂದರೆ ಅದಕ್ಕೊಂದು ಅರ್ಥವಿತ್ತು. ಇಂದು ದೊಡ್ಡ ಹೋಟೆಲುಗಳ ದರ ದಿನದಿಂದ ದಿನಕ್ಕೆ, ಕೆಲವೊಮ್ಮೆ ಬೆಳಗಿನಿಂದ ಸಂಜೆಯೊಳಗೇ ಬದಲಾಗುತ್ತದೆ. ಬೆಂಗಳೂರಿನ ಪಂಚತಾರಾ ಹೋಟೆಲುಗಳು ವ್ಯವಹಾರಕ್ಕಾಗಿ ಬರುವವರಿಂದ ಸೋಮವಾರದಿಂದ ಗುರುವಾರದವರೆಗೆ ತುಂಬಿರುತ್ತವೆ, ವಾರಾಂತ್ಯದಲ್ಲಿ ಸಡಿಲಗೊಳ್ಳುತ್ತವೆ. ಕೊಡಗು ಮತ್ತು ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಇದಕ್ಕೆ ನೇರ ವಿರುದ್ಧವಾದ ಲೆಕ್ಕ ನಡೆಯುತ್ತದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವ ಫೆಬ್ರವರಿಯ ವಾರದಲ್ಲಿ ಬೆಂಗಳೂರಿನ ಕೊಠಡಿಗಳಿಗೂ, ದಸರೆಯ ಹತ್ತು ದಿನ ಮೈಸೂರಿನ ಕೊಠಡಿಗಳಿಗೂ ಬೇಡಿಕೆ ಏರುತ್ತದೆ. ಉದಯಪುರ, ಜೈಪುರಗಳಲ್ಲಿ ಮದುವೆಯ ಮುಹೂರ್ತಗಳಿರುವ ದಿನಗಳಂದು ಇಡೀ ಹೋಟೆಲನ್ನೇ ಒಂದು ಕುಟುಂಬ ಹಿಡಿದುಬಿಡುವುದರಿಂದ, ಎಷ್ಟು ಹಣ ಕೊಡಲು ಸಿದ್ಧರಿದ್ದರೂ ಹೊರಗಿನವರಿಗೆ ಕೊಠಡಿ ಸಿಗದಿರುವುದುಂಟು. ಇಂಥ ಸ್ಥಿತಿಯಲ್ಲಿ ವರ್ಷದ ಅತಿ ದುಬಾರಿ ದಿನದ ದರವನ್ನು ಮೂಲ ಬೆಲೆಯೆಂದು ತೋರಿಸಿ, ಅದರಿಂದ ಅರ್ಧದಷ್ಟು ಕಳೆದು, ಆಫ್ ಸೀಸನ್ನಿನ ಮಾಮೂಲಿ ದರವನ್ನೇ ದೊಡ್ಡ ಆಫರ್ ಎಂದು ಮಾರುವುದು ಪೇಟೆಯಲ್ಲಿ ಯಾರಿಗೂ ಕಷ್ಟವಲ್ಲ. ಆ ಸಾಲಿನಲ್ಲಿ ನಮ್ಮ ಸಂಘ ನಿಲ್ಲಬಾರದೆಂಬುದು ಆಡಳಿತ ಮಂಡಳಿಯ ತೀರ್ಮಾನ.

ಎರಡನೆಯ ಕಾರಣ ಜಿಎಸ್‌ಟಿ. ವೋಚರ್ ಪದ್ಧತಿಯನ್ನು ನಡೆಸುವುದು ನಿಜಕ್ಕೂ ಕಷ್ಟವಾದದ್ದು ಇದರಿಂದಲೇ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಐಷಾರಾಮಿ ಕೊಠಡಿಗಳಿಗೆ ಶೇ. 28ರಷ್ಟಿದ್ದ ತೆರಿಗೆ 2019ರ ಅಕ್ಟೋಬರ್ 1ರಿಂದ ಶೇ. 18ಕ್ಕೆ ಇಳಿಯಿತು. ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆಯ ಕೊಠಡಿಗಳಿಗೆ ಅದೇ ದರ ಇಂದಿಗೂ ಮುಂದುವರಿದಿದೆ. ಆದರೆ 7,500 ರೂಪಾಯಿವರೆಗಿನ ಕೊಠಡಿಗಳಿಗೆ ಇದ್ದ ಶೇ. 12ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿದಿದೆ. ಕೇಳಲು ಸಂತೋಷವೆನಿಸುವ ಈ ಬದಲಾವಣೆಯಿಂದ ಗೆರೆಯ ಆಚೀಚಿನ ಅಂತರ ಬಹಳ ಹಿಗ್ಗಿತು. 7,500 ರೂಪಾಯಿಯ ಕೊಠಡಿಗೆ ಈಗ 375 ರೂಪಾಯಿ ತೆರಿಗೆ ಸೇರಿ ಒಟ್ಟು 7,875 ರೂಪಾಯಿ ಆಗುತ್ತದೆ. 7,600 ರೂಪಾಯಿಯ ಕೊಠಡಿಗೆ 1,368 ರೂಪಾಯಿ ತೆರಿಗೆ ಸೇರಿ 8,968 ರೂಪಾಯಿ ಆಗುತ್ತದೆ. ಬಾಡಿಗೆಯಲ್ಲಿ ನೂರು ರೂಪಾಯಿ ಹೆಚ್ಚಾದರೆ ಗ್ರಾಹಕರ ಕೈಯಿಂದ 1,093 ರೂಪಾಯಿ ಹೆಚ್ಚು ಹೋಗುತ್ತದೆ. ಹಳೆಯ ದರದಲ್ಲಿ ಇದೇ ವ್ಯತ್ಯಾಸ 568 ರೂಪಾಯಿ ಮಾತ್ರ ಇತ್ತು.

ಈ ತೆರಿಗೆ ನಿರ್ಧಾರವಾಗುವುದು ದರಪಟ್ಟಿಯಲ್ಲಿ ಮುದ್ರಿತವಾದ ಬಾಡಿಗೆಯ ಮೇಲಲ್ಲ, ಆಯಾ ದಿನಕ್ಕೆ ನಿಜವಾಗಿ ವಸೂಲು ಮಾಡಿದ ಬಾಡಿಗೆಯ ಮೇಲೆ. ಹೀಗಾಗಿ ಒಂದೇ ಕೊಠಡಿಯಲ್ಲಿ ಗುರುವಾರ ಮತ್ತು ಶುಕ್ರವಾರ ರಾತ್ರಿ ತಂಗಿದವರಿಗೆ ಮೊದಲ ರಾತ್ರಿಗೆ ಶೇ. 5, ಎರಡನೆಯದಕ್ಕೆ ಶೇ. 18 ತೆರಿಗೆ ಬೀಳಬಹುದು. ದಿನಾಂಕ ನಮೂದಿಸದ 7,000 ರೂಪಾಯಿಯ ವೋಚರೊಂದನ್ನು ಗ್ರಾಹಕರು ಶನಿವಾರಕ್ಕೆ ಬಳಸಿದರು, ವಾರಾಂತ್ಯದ ಹೆಚ್ಚುವರಿಯೆಂದು ಹೋಟೆಲಿನವರು 1,000 ರೂಪಾಯಿ ಸೇರಿಸಿದರು ಎಂದಿಟ್ಟುಕೊಳ್ಳಿ: ತೆರಿಗೆ 350 ರೂಪಾಯಿಯ ಬದಲು 1,440 ರೂಪಾಯಿ ಆಗುತ್ತದೆ. ವೋಚರ್ ಮಾರುವ ದಿನ ಇದನ್ನು ಮುಂಚಿತವಾಗಿ ಬರೆದುಕೊಡುವ ದಾರಿ ನಮಗಿಲ್ಲ. ಬೆಲೆಯನ್ನು ಪೂರ್ತಿಯಾಗಿ ಹೇಳಲು ಆಗದ ವಸ್ತುವನ್ನು ಮಾರುವುದಕ್ಕಿಂತ, ದಿನಾಂಕ ನಿಶ್ಚಯಿಸಿಕೊಂಡು ಕೊನೆಯ ರೂಪಾಯಿಯವರೆಗೆ ಲೆಕ್ಕ ಕೊಡುವುದೇ ಸರಿಯೆನಿಸಿತು.

ಊಟದ ಬಿಲ್ಲಿಗೂ ಇದೇ ಗೆರೆ ಅನ್ವಯಿಸುತ್ತದೆ ಎಂಬುದು ಅನೇಕರ ಗಮನಕ್ಕೆ ಬಂದಿಲ್ಲ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ, ಹಿಂದಿನ ಆರ್ಥಿಕ ವರ್ಷದಲ್ಲಿ ಹೋಟೆಲಿನ ಯಾವುದೇ ಒಂದು ಕೊಠಡಿಗೆ ದಿನಕ್ಕೆ 7,500 ರೂಪಾಯಿಗಿಂತ ಹೆಚ್ಚು ಬಾಡಿಗೆ ಪಡೆದಿದ್ದರೂ ಅದರೊಳಗಿನ ರೆಸ್ಟೋರೆಂಟಿನ ಬಿಲ್ಲಿಗೆ ಶೇ. 18 ತೆರಿಗೆ ಬೀಳುತ್ತದೆ. ತಮ್ಮ ಸ್ವಂತ ಕೊಠಡಿ ಅಗ್ಗದ ದರದ್ದಾಗಿದ್ದರೂ ರಾತ್ರಿಯ ಊಟಕ್ಕೆ ಹೆಚ್ಚಿನ ತೆರಿಗೆಯೇ ತಪ್ಪದು. ಆದರೆ ಸರ್ವಿಸ್ ಚಾರ್ಜ್ ಬೇರೆಯೇ ವಿಷಯ. ಅದನ್ನು ಕೇಳದೆಯೇ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಗಳನ್ನು ದೆಹಲಿ ಹೈಕೋರ್ಟು 2025ರ ಮಾರ್ಚ್ 28ರಂದು ಎತ್ತಿಹಿಡಿದಿದೆ. ಬಿಲ್ಲಿನಲ್ಲಿ ಅದು ಕಂಡುಬಂದರೆ ತೆಗೆದುಹಾಕುವಂತೆ ತಾವು ಸಂಕೋಚವಿಲ್ಲದೆ ಕೇಳಬಹುದು.

ಹೊಸ ಪದ್ಧತಿಯಲ್ಲಿ ಬಿಲ್ಲು ತಮ್ಮ ಹೆಸರಿನಲ್ಲಿಯೇ ಬರುವುದರಿಂದ ಎರಡು ಪ್ರಯೋಜನಗಳಿವೆ. ಹೋಟೆಲ್ ಸಮೂಹಗಳ ಸದಸ್ಯತ್ವ ಯೋಜನೆಗಳಲ್ಲಿ, ಮ್ಯಾರಿಯಟ್ ಬಾನ್ವಾಯ್‌ನಂಥವುಗಳಲ್ಲಿ, ಮಧ್ಯವರ್ತಿ ಜಾಲತಾಣಗಳ ಮೂಲಕ ಮುಂಗಡ ಪಾವತಿಸಿದ ಕೊಠಡಿಗೆ ಸಾಮಾನ್ಯವಾಗಿ ಪಾಯಿಂಟುಗಳು ಸಿಗುವುದಿಲ್ಲ; ನೇರ ಬುಕಿಂಗಿಗೆ ಸಿಗುತ್ತವೆ. ಇನ್ನು ಸ್ವಂತ ಉದ್ದಿಮೆ ನಡೆಸುವ ನಮ್ಮ ಸದಸ್ಯರು ವ್ಯವಹಾರದ ಪ್ರಯಾಣಕ್ಕೆ ತಂಗುವಾಗ ತಮ್ಮ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯನ್ನು ಬುಕಿಂಗ್ ಸಮಯದಲ್ಲಿಯೇ ನಮಗೆ ಕೊಡಬೇಕು. ಕರ್ನಾಟಕದಲ್ಲಿ ನೋಂದಣಿಯಾದ ಸಂಸ್ಥೆಯವರು ಬೆಂಗಳೂರಿನ ಹೋಟೆಲಿಗೆ ಕೊಟ್ಟ ತೆರಿಗೆಯ ಮೇಲೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಟ್ಟ ತೆರಿಗೆಯನ್ನು ತಮ್ಮ ಸಂಸ್ಥೆ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯಬಹುದು. ಜೈಪುರದ ಹೋಟೆಲಿಗೆ ಕೊಟ್ಟ ತೆರಿಗೆಯ ಮೇಲೆ ಪಡೆಯಲಾಗದು, ಏಕೆಂದರೆ ಅಲ್ಲಿ ರಾಜಸ್ಥಾನದ ರಾಜ್ಯ ಜಿಎಸ್‌ಟಿ ವಿಧಿಸಲಾಗಿರುತ್ತದೆ.

ಮೂರನೆಯ ಕಾರಣ ಹಣದ ಭದ್ರತೆ. ಪ್ರವಾಸದ ಉದ್ಯಮದಲ್ಲಿ ಮುಂಗಡ ಕೊಟ್ಟವನೇ ಬಾಕಿ ಬರಬೇಕಾದವರ ಸರತಿಯಲ್ಲಿ ಕೊನೆಗೆ ನಿಲ್ಲಬೇಕಾಗುತ್ತದೆ ಎಂಬುದನ್ನು ನಮ್ಮ ದೇಶದಲ್ಲಿ ಬಿಡಿಸಿ ಹೇಳಬೇಕಾಗಿಲ್ಲ; 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಟಿಕೆಟ್ ಕೊಂಡ ಪ್ರಯಾಣಿಕರ ಮತ್ತು ಟ್ರಾವೆಲ್ ಏಜೆಂಟರ ಹಣ ಸಿಕ್ಕಿಕೊಂಡದ್ದನ್ನು ಎಲ್ಲರೂ ಕಂಡಿದ್ದಾರೆ. ಹೋಟೆಲುಗಳಲ್ಲಿ ಅಷ್ಟು ದೊಡ್ಡ ಅಪಾಯವಿಲ್ಲದಿದ್ದರೂ ಬೇರೊಂದು ತೊಡಕಿದೆ. ಇಂದು ಹೆಸರಾಂತ ಹೋಟೆಲ್ ಸಮೂಹಗಳು ಬೆಳೆಯುತ್ತಿರುವುದು ಹೆಚ್ಚಾಗಿ ನಿರ್ವಹಣಾ ಒಪ್ಪಂದಗಳ ಮೂಲಕ. ಕಟ್ಟಡದ ಮಾಲೀಕರು ಒಬ್ಬರು, ಫಲಕದ ಮೇಲಿನ ಹೆಸರು ಇನ್ನೊಬ್ಬರದು. ಒಪ್ಪಂದ ಮುಗಿದು ಹೆಸರು ಬದಲಾದಾಗ ಹಿಂದಿನವರ ಕಾಲದ ವೋಚರಿಗೆ ಯಾರು ಹೊಣೆ ಎಂಬ ವಾದ ಶುರುವಾಗುತ್ತದೆ. ಸರ್ಕಾರಿ ಹೋಟೆಲುಗಳೂ ಕೈ ಬದಲಿಸುತ್ತವೆ: ಮೈಸೂರಿನ ಲಲಿತ ಮಹಲ್ ಹಲವು ದಶಕ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವಾದ ಐಟಿಡಿಸಿಯ ನಿರ್ವಹಣೆಯಲ್ಲಿದ್ದು, ಆನಂತರ ರಾಜ್ಯಕ್ಕೆ ಮರಳಿ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಸೇರಿತು. ಐಟಿಸಿ ಹೋಟೆಲ್ಸ್ 2025ರ ಜನವರಿಯಿಂದ ಮೂಲ ಕಂಪನಿಯಿಂದ ಬೇರ್ಪಟ್ಟು ನಡೆಯುತ್ತಿದೆ, ಲೀಲಾ ಹೋಟೆಲುಗಳ ಕಂಪನಿ ಅದೇ ವರ್ಷದ ಜೂನ್‌ನಲ್ಲಿ ಷೇರುಪೇಟೆ ಪ್ರವೇಶಿಸಿದೆ. ಇವು ಉದ್ಯಮ ಬೆಳೆಯುತ್ತಿರುವುದರ ಲಕ್ಷಣಗಳು. ಗ್ರಾಹಕರಿಗೆ ಇವುಗಳಿಂದ ತೊಂದರೆಯೇನೂ ಇಲ್ಲ. ಆದರೆ ಇಷ್ಟೊಂದು ಚಲನೆಯಿರುವ ಕ್ಷೇತ್ರದಲ್ಲಿ ಸದಸ್ಯರ ಹಣವನ್ನು ವರ್ಷಗಟ್ಟಲೆ ವೋಚರುಗಳಲ್ಲಿ ಕಟ್ಟಿಡುವುದು ಸಹಕಾರ ಸಂಘವೊಂದಕ್ಕೆ ಒಪ್ಪುವ ಕೆಲಸವಲ್ಲ.

ಮಧ್ಯವರ್ತಿಗಳಿಗೆ ಮಾತ್ರ ಸಿಗುವ ಗುಟ್ಟಿನ ದರವೊಂದು ಇರುತ್ತದೆ ಎಂಬ ನಂಬಿಕೆ ಗ್ರಾಹಕರಲ್ಲಿ ಇನ್ನೂ ಇದೆ. ಹೋಟೆಲುಗಳು ಬೇರೆಡೆ ಕಡಿಮೆ ದರ ತೋರಿಸದಂತೆ ಬುಕಿಂಗ್ ತಾಣಗಳು ಒಪ್ಪಂದದಲ್ಲಿ ಕಟ್ಟುಹಾಕುತ್ತಿದ್ದ ಕಾಲದಲ್ಲಿ ನೇರ ದರಕ್ಕೂ ತಾಣದ ದರಕ್ಕೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಇಂಥ ಷರತ್ತುಗಳೂ ಸೇರಿದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್‌ನಲ್ಲಿ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ರೂಪಾಯಿ, ಓಯೋಗೆ 168.88 ಕೋಟಿ ರೂಪಾಯಿ ದಂಡ ವಿಧಿಸಿ, ಒಪ್ಪಂದಗಳನ್ನು ತಿದ್ದುವಂತೆ ಮೇಕ್‌ಮೈಟ್ರಿಪ್‌ಗೆ ಸೂಚಿಸಿತು. ಇಂದು ಹೋಟೆಲುಗಳು ತಮ್ಮ ಸದಸ್ಯರಿಗೆಂದು ಸ್ವಂತ ತಾಣದಲ್ಲಿ ಕೊಡುವ ದರ ಹಲವು ಸಂದರ್ಭಗಳಲ್ಲಿ ಬೇರೆಲ್ಲ ಕಡೆಗಿಂತ ಕಡಿಮೆ ಇರುತ್ತದೆ. ಹೀಗಿರುವಾಗ ದರವನ್ನು ಮುಚ್ಚಿಟ್ಟು ಲಾಭ ಮಾಡುವ ಮಧ್ಯವರ್ತಿ ಬೇಕಾಗಿಲ್ಲ. ಇದ್ದ ದರಗಳನ್ನು ಹೋಲಿಸಿ, ಷರತ್ತುಗಳನ್ನು ಓದಿ ಹೇಳುವವರು ಬೇಕು.

ನಮ್ಮ ಸೇವಾ ಶುಲ್ಕ ಒಂದು ಬುಕಿಂಗಿಗೆ 600 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ 708 ರೂಪಾಯಿ. ಕೊಠಡಿಯ ಬಾಡಿಗೆ ಎಷ್ಟೇ ಇದ್ದರೂ ಶುಲ್ಕ ಇಷ್ಟೇ, ಆದ್ದರಿಂದ ದುಬಾರಿ ಕೊಠಡಿಯತ್ತ ತಮ್ಮನ್ನು ತಳ್ಳಿ ನಮಗೆ ಆಗಬೇಕಾದದ್ದೇನೂ ಇಲ್ಲ. ಹೋಟೆಲಿನಿಂದ ಕಮಿಷನ್ ದೊರೆಯುವ ಕಡೆ ಅದರ ಮೊತ್ತವನ್ನು ದರಪತ್ರದಲ್ಲಿಯೇ ಬರೆದು, ತಮ್ಮ ಶುಲ್ಕದಲ್ಲಿ ಅಷ್ಟನ್ನು ಕಳೆಯುತ್ತೇವೆ. ಕಮಿಷನ್ ಶುಲ್ಕವನ್ನು ಮೀರಿದರೆ ತಾವು ನಮಗೆ ಏನನ್ನೂ ಕೊಡಬೇಕಾಗಿಲ್ಲ. ದರಪತ್ರದಲ್ಲಿ ಉಪಾಹಾರ ಮಾತ್ರ ಸೇರಿದ ಸಿಪಿ, ಒಂದು ಊಟವೂ ಸೇರಿದ ಎಂಎಪಿ, ಮೂರು ಹೊತ್ತಿನದೂ ಸೇರಿದ ಎಪಿ, ಇವುಗಳಲ್ಲಿ ಯಾವುದೆಂದು ಸ್ಪಷ್ಟವಾಗಿ ನಮೂದಿಸಲಾಗುವುದು. ಕಬಿನಿಯಂಥ ಕಡೆ ಊಟ ಮತ್ತು ಸಫಾರಿ ಸೇರಿಸಿ ತಲೆಗೆ ಇಷ್ಟು ಎಂದು ದರ ಹೇಳುತ್ತಾರೆ. ಅದನ್ನು ಬೇರೆಡೆಯ ಕೊಠಡಿ ಬಾಡಿಗೆಯ ಪಕ್ಕದಲ್ಲಿಟ್ಟು ದುಬಾರಿಯೆಂದು ನಿರ್ಧರಿಸುವುದು ಸರಿಯಲ್ಲವಾದ್ದರಿಂದ, ಅಲ್ಲಿನ ಲೆಕ್ಕವನ್ನು ನಾವು ಬಿಡಿಸಿ ತೋರಿಸುತ್ತೇವೆ.

ಇದರಿಂದ ಆಗುವ ನಷ್ಟವನ್ನೂ ಹೇಳಬೇಕು. ಮಳೆಗಾಲದ ಕೊಡಗಿಗೆ, ಬೇಸಿಗೆಯ ಉದಯಪುರಕ್ಕೆ ನಾವು ಒಟ್ಟಾಗಿ ಕೊಂಡಿಡುತ್ತಿದ್ದ ಕೊಠಡಿಗಳು ನೇರ ದರಕ್ಕಿಂತ ನಿಜವಾಗಿಯೂ ಅಗ್ಗವಾಗಿದ್ದವು, ಆ ಉಳಿತಾಯ ಇನ್ನು ಸಿಗದು. ಅದಕ್ಕೆ ಬದಲಾಗಿ ಹೋಟೆಲುಗಳೇ ಕೊಡುವ, ಪೂರ್ತಿ ಮುಂಗಡ ಕಟ್ಟಬೇಕಾದ ಮತ್ತು ರದ್ದು ಮಾಡಿದರೆ ಹಣ ಮರಳದ ಕಡಿಮೆ ದರವನ್ನೂ, ರದ್ದತಿಗೆ ಅವಕಾಶವಿರುವ ಸಾಮಾನ್ಯ ದರವನ್ನೂ ಅಕ್ಕಪಕ್ಕ ತೋರಿಸುತ್ತೇವೆ. ಹಿರಿಯರು ಅಥವಾ ಚಿಕ್ಕ ಮಕ್ಕಳು ಜೊತೆಗಿರುವ ಪ್ರವಾಸಕ್ಕೆ ಸ್ವಲ್ಪ ಹೆಚ್ಚಾದರೂ ಎರಡನೆಯದನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ.

ಈಗಾಗಲೇ ವೋಚರ್ ಕೊಂಡಿರುವವರು ಚಿಂತಿಸಬೇಕಾಗಿಲ್ಲ. ಅದರ ಅವಧಿ ಮುಗಿಯುವವರೆಗೆ ಮೊದಲಿನ ಷರತ್ತುಗಳಂತೆಯೇ ಬಳಸಬಹುದು. ಬೇಡವೆಂದರೆ ಕೊಟ್ಟ ಪೂರ್ಣ ಮೊತ್ತವನ್ನು ಯಾವ ಕಡಿತವೂ ಇಲ್ಲದೆ ತಮ್ಮ ಬ್ಯಾಂಕ್ ಖಾತೆಗೆ ಮರಳಿಸಲಾಗುವುದು. ಇದಕ್ಕಾಗಿ ವೋಚರ್ ಸಂಖ್ಯೆ ಮತ್ತು ಹಣ ಕಟ್ಟಿದ ರಸೀದಿಯೊಂದಿಗೆ ಅರ್ಜಿ ಸಲ್ಲಿಸಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ವೋಚರ್ ಬಳಸಲು ಯೋಚಿಸಿರುವವರು ಮಾತ್ರ ತಡಮಾಡದೆ ನಮ್ಮನ್ನು ಸಂಪರ್ಕಿಸಬೇಕು. ಆ ದಿನಗಳನ್ನು ಹೋಟೆಲುಗಳು ಸಾಮಾನ್ಯವಾಗಿ ವೋಚರುಗಳಿಂದ ಹೊರಗಿಡುತ್ತವೆ, ಜೊತೆಗೆ ಹಲವು ಕಡೆ 24 ಮತ್ತು 31ರ ರಾತ್ರಿಯ ಗಾಲಾ ಡಿನ್ನರ್ ಶುಲ್ಕವನ್ನು ತಂಗುವವರೆಲ್ಲರಿಗೂ ಕಡ್ಡಾಯ ಮಾಡುತ್ತವೆ. ಆ ಶುಲ್ಕವನ್ನು ಹೋಟೆಲಿನಿಂದ ಲಿಖಿತವಾಗಿ ತರಿಸಿ, ಒಟ್ಟು ಮೊತ್ತದಲ್ಲಿ ಸೇರಿಸಿ ತಿಳಿಸಿದ ಮೇಲೆ, ವೋಚರ್ ಬಳಸಬೇಕೋ ಹಣ ಹಿಂಪಡೆಯಬೇಕೋ ಎಂಬುದನ್ನು ತಾವು ನಿರ್ಧರಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)